ಅನ್ಯದೇಶದ ಕಾಲೇಜು, ವಾಕ್ಯ ತಿದ್ದುವ ಅಭ್ಯಾಸ

ಪ್ರೌಢ ವಯಸ್ಸಿನಲ್ಲಿ ತಂದೆತಾಯಿಗಳೊಡನೆ ಅಮೆರಿಕಕ್ಕೆ ತೆರಳಿದ ನಮ್ಮ ಮಕ್ಕಳಲ್ಲಿ ಕೆಲವರು ಅಲ್ಲಿ ಮೊದಲು ಕಮ್ಯುನಿಟಿ ಕಾಲೇಜನ್ನು ಸೇರುವುದುಂಟು. ವಿದ್ಯಾರ್ಥಿಯು ಯಾವ ಇಂಗ್ಲಿಷ್ ತರಗತಿಗೆ ತಕ್ಕವನೆಂದು ನಿಶ್ಚಯಿಸಲು ಹಲವು ಕಾಲೇಜುಗಳು ‘ಅಕ್ಯುಪ್ಲೇಸರ್’ ಪರೀಕ್ಷೆಯನ್ನು ನಡೆಸುತ್ತವೆ. ಇದರಲ್ಲಿ ಪಾಸು-ನಪಾಸು ಎಂಬುದಿಲ್ಲ. ಆದರೆ ಅಂಕ ಕಡಿಮೆಯಾದರೆ ಪೂರ್ವಸಿದ್ಧತಾ ತರಗತಿಗೆ ಹಾಕಬಹುದು. ಅದಕ್ಕೆ ಶುಲ್ಕವನ್ನು ತೆರಬೇಕು, ಪದವಿಯ ಲೆಕ್ಕಕ್ಕೆ ಮಾತ್ರ ಅದು ಸಾಮಾನ್ಯವಾಗಿ ಸೇರದು.

ಬರವಣಿಗೆಯ ಭಾಗದಲ್ಲಿ 25 ಪ್ರಶ್ನೆಗಳು. ಗದ್ಯಭಾಗವನ್ನು ಓದಿ ವಾಕ್ಯಗಳನ್ನು ತಿದ್ದಬೇಕು. ಕನ್ನಡದಲ್ಲಿ ಯೋಚಿಸುವವರು ಎಡವುವುದು ಇಲ್ಲಿಯೇ. ‘ಮಳೆ ಬಂದು ಕೆರೆ ತುಂಬಿತು’ ಎಂಬುದು ನಮ್ಮಲ್ಲಿ ನಿರ್ದುಷ್ಟ ವಾಕ್ಯ. ಬಂದದ್ದು ಮಳೆ, ತುಂಬಿದ್ದು ಕೆರೆ. ಕರ್ತೃಗಳು ಎರಡಾದರೂ ಬಾಧೆಯಿಲ್ಲ. ಇಂಗ್ಲಿಷಿನ ನಡೆ ಬೇರೆ. ‘ವಾಕಿಂಗ್ ಹೋಮ್, ದಿ ರೇನ್ ಬಿಗ್ಯಾನ್’ ಎಂದರೆ ಮನೆಗೆ ನಡೆದು ಹೊರಟದ್ದು ಮಳೆಯೇ ಎಂದಾಗುತ್ತದೆ! ‘ಆ್ಯಸ್ ಐ ವಾಕ್ಡ್ ಹೋಮ್’ ಎಂದು ಕರ್ತೃವನ್ನು ಕಾಣಿಸಬೇಕು. ಎರಡು ಪೂರ್ಣ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಬೆಸೆಯುವುದೂ ಅಲ್ಲಿ ದೋಷವೇ.

ವ್ಯಾಕರಣದ ಸೂತ್ರಗಳ ಬಾಯಿಪಾಠಕ್ಕಿಂತ ಈ ಅಭ್ಯಾಸ ಮೇಲು: ದಿನಕ್ಕೊಂದು ಪುಟ ಸ್ವಂತವಾಗಿ ಬರೆದು, ಮರುದಿನ ಪ್ರತಿಯೊಂದು ಕ್ರಿಯಾಪದಕ್ಕೂ ಗೆರೆಯೆಳೆದು ಅದರ ಕರ್ತೃ ಯಾವುದೆಂದು ಹುಡುಕುವುದು. ಪರೀಕ್ಷೆಯನ್ನು ರೂಪಿಸುವ ಕಾಲೇಜ್ ಬೋರ್ಡ್ ಸಂಸ್ಥೆಯೇ ಮಾದರಿ ಪ್ರಶ್ನೆಗಳನ್ನು ಉಚಿತವಾಗಿ ಒದಗಿಸುತ್ತದೆ.

ಅಂದಹಾಗೆ, ಕ್ಯಾಲಿಫೋರ್ನಿಯದಲ್ಲಿ 2017ರಲ್ಲಿ ಅಂಗೀಕಾರವಾದ ಕಾನೂನಿನ ತರುವಾಯ ಕಾಲೇಜುಗಳು ಹೈಸ್ಕೂಲಿನ ಅಂಕಗಳಿಗೇ ಪ್ರಾಧಾನ್ಯ ಕೊಡುತ್ತವೆ. ಆದುದರಿಂದ ಪಾಲಕರು ಮೊದಲು ಕಾಲೇಜಿನಲ್ಲಿಯೇ ವಿಚಾರಿಸತಕ್ಕದ್ದು.