ಹಡಗು ಹತ್ತಿ ಬಂದವರು ಕಟ್ಟಿದ ನಾಡು

1800ರಲ್ಲಿ ಅಮೇರಿಕದ ಸಂಯುಕ್ತ ಸಂಸ್ಥಾನಗಳ ಜನಸಂಖ್ಯೆ ಸುಮಾರು 53 ಲಕ್ಷ. 1900ರಲ್ಲಿ 7 ಕೋಟಿ 60 ಲಕ್ಷ. 1820ರಿಂದ 1900ರ ವರೆಗೆ ಸುಮಾರು 1 ಕೋಟಿ 90 ಲಕ್ಷ ಜನರು ಹೊರದೇಶಗಳಿಂದ ಬಂದು ಅಲ್ಲಿ ಇಳಿದರು. ಒಂದು ರಾಷ್ಟ್ರವನ್ನು ವಲಸೆಗಾರರು ಹೇಗೆ ರೂಪಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ದೊರೆಯಲಾರದು.

ಹೊರಟವರಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ಹೊರಟವರು. 1845ರಲ್ಲಿ ಐರ್ಲೆಂಡಿನ ಬಟಾಟೆ ಬೆಳೆಗೆ ರೋಗ ತಗಲಿತು. ಬಟಾಟೆಯನ್ನೇ ನಂಬಿದ್ದ ಬಡ ಗೇಣಿದಾರರಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇನ್ನೂ 10 ಲಕ್ಷಕ್ಕೂ ಮಿಕ್ಕಿದವರು ಊರು ಬಿಟ್ಟರು. ಅಮೇರಿಕದ ಕಾಲುವೆ, ರೈಲುದಾರಿ, ಬಂದರುಗಳ ಕಷ್ಟದ ದುಡಿಮೆ ಇವರ ಪಾಲಿಗೆ ಬಂತು. 1862ರ ಕಾನೂನು ಬೇಸಾಯ ಮಾಡುವ ಕುಟುಂಬಕ್ಕೆ 160 ಎಕ್ರೆ ಭೂಮಿಯನ್ನು ಕೊಡಲು ಮುಂದಾದಾಗ ಯುರೋಪಿನ ರೈತರೂ ಧಾವಿಸಿದರು. ಆ ಭೂಮಿಯಾದರೋ ಅಲ್ಲಿನ ಮೂಲನಿವಾಸಿಗಳು ಕಳಕೊಂಡದ್ದೆಂಬುದನ್ನು ನಾವು ಮರೆಯಬಾರದು.

ದುಡಿಸಿಕೊಂಡವರು ದುಡಿದವರನ್ನು ಸದಾ ಆದರಿಸಿದರೆಂದೂ ಇಲ್ಲ. ಪಶ್ಚಿಮದ ಪರ್ವತಗಳನ್ನು ಕೊರೆದು ರೈಲುಹಳಿ ಹಾಸಿದವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಚೀನಿಯರಿದ್ದರು. 1869ರಲ್ಲಿ ಆ ಮಾರ್ಗ ಪೂರ್ತಿಯಾಯಿತು. 1882ರಲ್ಲಿ ಚೀನೀ ಕೂಲಿಗಳು ಬರಲೇಕೂಡದೆಂದು ಕಾನೂನಾಯಿತು. ಅದು ರದ್ದಾದುದು 1943ರಲ್ಲಿ.

ನಮಗೆ ವಿಶೇಷ ಕುತೂಹಲವಿರುವುದು ಜರ್ಮನರ ವಿಷಯದಲ್ಲಿ. ಆ ಶತಮಾನದಲ್ಲಿ ಸುಮಾರು 50 ಲಕ್ಷ ಜರ್ಮನರು ಅಮೇರಿಕಕ್ಕೆ ಬಂದರು; ಬರುವಾಗ ಭಾಷೆಯನ್ನೂ ಜತೆಗೆ ತಂದರು. 1834ರಲ್ಲಿ ನ್ಯೂಯೋರ್ಕಿನಲ್ಲಿ ಅವರ ಪತ್ರಿಕೆ 'ಸ್ಟಾಟ್ಸ್‌ ಝೈಟುಂಗ್' ಹುಟ್ಟಿತು. ಅದೇ ವರ್ಷ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಿಳಿದರು; ಮುಂದೆ ಅದೇ ಮಿಶನಿನ ಜರ್ಮನನಾದ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಇಂದು ನಾವು ಪುಟಾಣಿಗಳನ್ನು ಕಳುಹಿಸುವ ಕಿಂಡರ್‌ಗಾರ್ಟನ್ ಅಮೇರಿಕಕ್ಕೆ ಬಂದುದೂ ಜರ್ಮನರಿಂದಲೇ. 1856ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಾರ್ಗರೆಟ್ ಶೂರ್ಟ್ಸ್ ಎಂಬಾಕೆ ತೆರೆದ ಆ ಶಾಲೆಯಲ್ಲಿ ಮಕ್ಕಳು ಜರ್ಮನಿನಲ್ಲೇ ಕಲಿತರು.

ಅದೇ ವಿಸ್ಕಾನ್ಸಿನ್ 1889ರಲ್ಲಿ, ಖಾಸಗಿ ಶಾಲೆಗಳಲ್ಲಿಯೂ ಮುಖ್ಯ ಪಾಠಗಳು ಇಂಗ್ಲಿಷಿನಲ್ಲೇ ನಡೆಯಬೇಕೆಂದು ವಿಧಿಸಿತು. ಪರಸ್ಪರ ಬೇರೆಬೇರೆಯಾಗಿದ್ದ ಲೂಥರನ್ ಮತ್ತು ಕೆಥೋಲಿಕ್ ಜರ್ಮನರು ಈ ಒಂದು ಪ್ರಶ್ನೆಯಲ್ಲಿ ಒಟ್ಟಾದರು. 1890ರ ಚುನಾವಣೆಯಲ್ಲಿ ಗವರ್ನರನು ಸೋತನು. 1891ರಲ್ಲಿ ಕಾನೂನು ರದ್ದಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದನೇ ಮಹಾಯುದ್ಧದಲ್ಲಿ ಜರ್ಮನಿಯು ಶತ್ರುವಾದಾಗ ಜರ್ಮನ್ ನುಡಿಯೂ ಶತ್ರುವಾಯಿತು. 1919ರಲ್ಲಿ ನೆಬ್ರಾಸ್ಕ ರಾಜ್ಯವು ಎಂಟನೇ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷಲ್ಲದ ಆಧುನಿಕ ಭಾಷೆಗಳನ್ನು ಕಲಿಸುವುದನ್ನೇ ನಿಷೇಧಿಸಿತು. ಹತ್ತು ವರ್ಷದ ಬಾಲಕನಿಗೆ ಜರ್ಮನ್ ಓದಿಸಿದ ಮೇಯರ್ ಎಂಬ ಅಧ್ಯಾಪಕನಿಗೆ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಪಡಿಸಿ, ಕಲಿಸುವ ಅಧ್ಯಾಪಕನ ಹಾಗೂ ಕಲಿಸಲಿಚ್ಛಿಸುವ ತಂದೆತಾಯಿಗಳ ಹಕ್ಕನ್ನು ಎತ್ತಿಹಿಡಿಯಿತು.

ಹಕ್ಕೇನೋ ಮರಳಿತು. ಅಷ್ಟರಲ್ಲಿ ಅನೇಕ ಜರ್ಮನ್ ಶಾಲೆಗಳೂ ಪತ್ರಿಕೆಗಳೂ ಮುಚ್ಚಿದ್ದವು. ಎಷ್ಟೋ ಮನೆಗಳಲ್ಲಿ ಮಕ್ಕಳೊಡನೆ ಆ ನುಡಿಯಾಡುವ ರೂಢಿಯೇ ತಪ್ಪಿತ್ತು.

ನಾವು ಹಡಗು ಹತ್ತಿ ಬಂದವರಲ್ಲ. ಇದ್ದಲ್ಲೇ ಇದ್ದವರು, 1956ರಲ್ಲಿ ಗಡಿಗೆರೆಯೇ ನಮ್ಮನ್ನು ದಾಟಿ ಹೋಯಿತು. ಆದ್ದರಿಂದ ಅವರ ಕಥೆ ಪೂರ್ತಿ ನಮ್ಮದಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ನಮ್ಮ ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆದರೆ ಶಾಲೆಯ ಬಾಗಿಲು ತೆರೆದಿದ್ದರೆ ಸಾಲದು. ಜೂನ್ ತಿಂಗಳಲ್ಲಿ ಮಗುವಿನ ಕೈಹಿಡಿದು ಅಲ್ಲಿಗೆ ಕರೆದೊಯ್ಯಬೇಕಾದವರು ನಾವೇ.