ಆಕ್ರಮಣಕ್ಕೆ ಲಕ್ಷಣವೇನು?

ಲಕ್ಷಣ ಹೇಳುವಲ್ಲಿ ಮೂರು ದೋಷಗಳುಂಟೆಂದು ನಮ್ಮ ತಾರ್ಕಿಕರು ಹಸುವನ್ನು ಮುಂದಿಟ್ಟುಕೊಂಡು ತೋರಿಸಿದ್ದಾರೆ. ಕಪಿಲವರ್ಣದ್ದು ಹಸುವೆಂದರೆ ಬಿಳಿಯ ಹಸು ಹೊರಗುಳಿಯಿತು; ಅದು ಅವ್ಯಾಪ್ತಿ. ಕೊಂಬುಳ್ಳದ್ದು ಹಸುವೆಂದರೆ ಎಮ್ಮೆಯೂ ಒಳಹೊಕ್ಕಿತು, ಅದು ಅತಿವ್ಯಾಪ್ತಿ. ಸೀಳಿಲ್ಲದ ಗೊರಸುಳ್ಳದ್ದು ಹಸುವೆಂದರೆ ಯಾವ ಹಸುವೂ ಸಿಕ್ಕಲಿಲ್ಲ, ಅದು ಅಸಂಭವ. ಕೊನೆಗೆ ಕೊರಳಿನ ಗಂಗೆದೊಗಲನ್ನು ಹಿಡಿದು ಅವರು ಹಸುವನ್ನು ಗುರುತಿಸಿ ನಿಶ್ಚಿಂತರಾದರು. ಒಂದು ದೇಶ ಇನ್ನೊಂದರ ಮೇಲೆ ಏರಿಹೋಗುವ 'ಆಕ್ರಮಣ'ವೆಂಬ ಅಪರಾಧಕ್ಕೆ ಅಂಥದೊಂದು ಗುರುತನ್ನು ಹುಡುಕಲು ಜಗತ್ತಿನ ನ್ಯಾಯವೇತ್ತರಿಗೆ ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಹುಡುಕಿದ್ದು ಸಿಕ್ಕಿತೇ ಎಂಬುದು ಬೇರೆಯ ಮಾತು.

ಕನ್ನಡ ಪಾಠ ಹೇಳುವ ನನಗೆ ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಶಬ್ದವೇ. 'ಕ್ರಮ್' ಧಾತುವಿಗೆ ಹೆಜ್ಜೆಯಿಡುವುದೆಂದು ಅರ್ಥ. ವಿಕ್ರಮ, ಪರಾಕ್ರಮ, ಆಕ್ರಮಣ ಎಲ್ಲವೂ ಅದರ ಮಕ್ಕಳು. ಉಪಸರ್ಗವೊಂದು ಬದಲಾದರೆ ಹೊಗಳಿಕೆ ದೂಷಣೆಯಾಗುತ್ತದೆ. ಇಂಗ್ಲಿಷಿನ 'ಅಗ್ರೆಷನ್' ಕೂಡ ಲ್ಯಾಟಿನ್ನಿನ ಹೆಜ್ಜೆಯ ಮಾತಿನಿಂದಲೇ ಬಂದದ್ದು. ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು ಸ್ತುತಿಸುವುದು ಪರರಾಜ್ಯಗಳನ್ನು ಗೆದ್ದುದಕ್ಕಾಗಿಯೇ. ನಮ್ಮವರನ್ನು ಮಾತ್ರ ದೂರಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದವರೆಗೂ ಯುದ್ಧ ಹೂಡುವುದು ಎಲ್ಲೆಡೆಯೂ ರಾಜ್ಯದ ಹಕ್ಕೇ ಆಗಿದ್ದಿತು. 1928ರ ಪ್ಯಾರಿಸ್ ಒಪ್ಪಂದದಲ್ಲಿ ರಾಷ್ಟ್ರಗಳು, ಯುದ್ಧವನ್ನು ತಮ್ಮ ನೀತಿಯ ಸಾಧನವಾಗಿ ಬಳಸುವುದಿಲ್ಲವೆಂದು ಮಾತು ಕೊಟ್ಟುವು. ಆದರೆ ಆಕ್ರಮಣವೆಂದರೆ ಯಾವುದು, ಆತ್ಮರಕ್ಷಣೆಯೆಂದರೆ ಯಾವುದು ಎಂಬುದನ್ನು ಆ ಒಪ್ಪಂದ ಹೇಳಲಿಲ್ಲ.

ಅದನ್ನು ಬಿಚ್ಚಿ ಹೇಳಿದವರು ಸೋವಿಯತ್ ರಷ್ಯದ ವಿದೇಶಾಂಗ ಸಚಿವ ಲಿಟ್ವಿನೋವ್. ಅವರ ಯತ್ನದಿಂದ 1933ರ ಜುಲೈಯಲ್ಲಿ ಲಂಡನ್ನಿನಲ್ಲಿ ರಷ್ಯವೂ ಅದರ ನೆರೆಯ ಕೆಲವು ರಾಷ್ಟ್ರಗಳೂ ಒಂದು ಒಡಂಬಡಿಕೆಗೆ ಸಹಿ ಹಾಕಿದುವು. ಮೊದಲು ಯುದ್ಧ ಸಾರಿದವನು, ಸಾರದೆಯೇ ಸೇನೆ ನುಗ್ಗಿಸಿದವನು, ನೆಲ ಜಲ ವಾಯುಪಡೆಗಳಿಂದ ಹೊಡೆದವನು, ಬಂದರುಗಳಿಗೆ ದಿಗ್ಬಂಧನ ಹಾಕಿದವನು, ತನ್ನ ನೆಲದಿಂದ ಹೊರಟು ನೆರೆಯನ್ನು ನುಗ್ಗಿದ ಸಶಸ್ತ್ರ ತಂಡಗಳಿಗೆ ಬೆಂಬಲವಿತ್ತವನು: ಇವರೆಲ್ಲ ಆಕ್ರಮಣಕಾರರು. ರಾಜಕೀಯ, ಸೈನಿಕ, ಆರ್ಥಿಕ, ಯಾವ ಕಾರಣವೂ ಇದಕ್ಕೆ ಸಮರ್ಥನೆಯಾಗದು. ಇದಕ್ಕಿಂತ ನಿಚ್ಚಳವಾದ ಲಕ್ಷಣವನ್ನು ನಾನು ಕಂಡಿಲ್ಲ. ಮರುವರ್ಷ ಫಿನ್ಲೆಂಡೂ ಇದಕ್ಕೆ ಸೇರಿತು. 1939ರ ನವೆಂಬರ್ 26ರಂದು ಗಡಿಯ ಮೈನಿಲ ಎಂಬ ಹಳ್ಳಿಯಲ್ಲಿ ಗುಂಡುಗಳು ಸಿಡಿದುವೆಂಬ ನೆಪವೆತ್ತಿ, 30ರಂದು ರಷ್ಯದ ಸೇನೆ ಅದೇ ಫಿನ್ಲೆಂಡಿನೊಳಕ್ಕೆ ನುಗ್ಗಿತು! ಡಿಸೆಂಬರ್ 14ರಂದು ರಾಷ್ಟ್ರಸಂಘ ರಷ್ಯವನ್ನು ಹೊರಹಾಕಿತು.

ಕತೆ ಅಲ್ಲಿಗೂ ಮುಗಿಯಲಿಲ್ಲ. ನಾಜಿ ನಾಯಕರ ವಿಚಾರಣೆಗಾಗಿ 1945ರ ಬೇಸಗೆಯಲ್ಲಿ ನಾಲ್ಕು ರಾಷ್ಟ್ರಗಳವರು ಲಂಡನ್ನಿನಲ್ಲಿ ಕುಳಿತಾಗ, ಅಮೆರಿಕದ ಜಾಕ್ಸನ್ ಅವರು 1933ರ ಮಾದರಿಯ ಲಕ್ಷಣವೊಂದನ್ನು ಮುಂದಿಟ್ಟರು. ಅದು ಬೇಡವೆಂದು ಹಟ ಹಿಡಿದವರಲ್ಲಿ ಸೋವಿಯತ್ ಪ್ರತಿನಿಧಿಯೇ ಮುಂದು. ಹೀಗೆ ನ್ಯೂರೆಂಬರ್ಗಿನ ಶಾಸನ ಆಕ್ರಮಣಯುದ್ಧವನ್ನು ಯೋಜಿಸುವುದು, ಸಿದ್ಧಗೊಳಿಸುವುದು, ಆರಂಭಿಸುವುದು, ನಡೆಸುವುದು ಅಪರಾಧವೆಂದಿತು. ಆಕ್ರಮಣವೆಂದರೇನೆಂದು ಹೇಳದೆ ಬಿಟ್ಟಿತು. ಆ ಅಪರಾಧಕ್ಕಾಗಿ 1946ರಲ್ಲಿ 12 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು.

ಈ ಬಿರುಕನ್ನು ಬೊಟ್ಟುಮಾಡಿ ತೋರಿಸಿದವರು ನಮ್ಮ ದೇಶದವರೇ ಆದ ರಾಧಾವಿನೋದ ಪಾಲ್. ಟೋಕಿಯೊದಲ್ಲಿ ಜಪಾನಿನ ನಾಯಕರ ವಿಚಾರಣೆಗೆ ಕುಳಿತ 11 ನ್ಯಾಯಾಧೀಶರಲ್ಲಿ ಅವರೊಬ್ಬರು. 1948ರಲ್ಲಿ ಬಹುಮತದ ತೀರ್ಪು 25 ಮಂದಿಯನ್ನೂ ಅಪರಾಧಿಗಳೆಂದಿತು. ಸಾವಿರ ಪುಟಗಳನ್ನು ಮೀರಿದ ತಮ್ಮ ಭಿನ್ನಮತದಲ್ಲಿ ಪಾಲರು ಎಲ್ಲರನ್ನೂ ಬಿಡತಕ್ಕದ್ದೆಂದರು. ಲಕ್ಷಣವಿಲ್ಲದ ಅಪರಾಧಕ್ಕೆ ದಂಡನೆಯೆಲ್ಲಿಯದು? ಪಶ್ಚಿಮದ ರಾಷ್ಟ್ರಗಳು ಪೂರ್ವದೇಶಗಳಲ್ಲಿ ತಮ್ಮ ಹಿಡಿತವನ್ನು ಸಂಪಾದಿಸಿದ ಬಗೆ ಯಾವುದು? ಗೆದ್ದವರು ಸೋತವರಿಗೆ ಹೊಸ ಕಾನೂನು ಮಾಡಿದರೆ ಅದು ನ್ಯಾಯವೆನಿಸೀತೆ? ಪಾಲರ ಕೊನೆಯ ನಿರ್ಣಯವನ್ನು ನಾನು ಒಪ್ಪಲಾರೆ; ನಾನ್‌ಕಿಂಗಿನ ಘೋರಕೃತ್ಯಗಳು ನಡೆದುದನ್ನು ಅವರೂ ಅಲ್ಲಗಳೆದವರಲ್ಲ. ಆದರೆ ಅವರೆತ್ತಿದ ಪ್ರಶ್ನೆ ಅಷ್ಟರಿಂದ ಅಳಿಯುವಂಥದಲ್ಲ.

ವಿಶ್ವಸಂಸ್ಥೆಯ ಮಹಾಸಭೆ 1974ರಲ್ಲಿ ಒಂದು ಲಕ್ಷಣವನ್ನು ಅಂಗೀಕರಿಸಿತು. ಆ ದಿನವೂ ಡಿಸೆಂಬರ್ 14 ಎಂಬುದು ಕಾಲದ ಚೇಷ್ಟೆ. ಏಳು ಬಗೆಯ ಕೃತ್ಯಗಳನ್ನು ಎಣಿಸಿದ ಮೇಲೆ, ಬೇರೆಯವನ್ನೂ ಆಕ್ರಮಣವೆಂದು ಕರೆಯುವ ಅಧಿಕಾರವನ್ನು ಅದು ಭದ್ರತಾ ಮಂಡಲಿಗೆ ಬಿಟ್ಟಿತು. ಮಂಡಲಿಗೆ ದಾರಿ ತೋರಲು ಬರೆದದ್ದು ಅದು. ಒಬ್ಬ ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸಲು ಸಾಲದು.

1998ರಲ್ಲಿ ರೋಮಿನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಶಾಸನವಾದಾಗಲೂ ಆಕ್ರಮಣದ ಹೆಸರನ್ನು ಬರೆದು, ಅರ್ಥವನ್ನು ಮುಂದಕ್ಕೆ ಹಾಕಿದರು. (ಭಾರತ ಅಲ್ಲಿ ಮತ ಹಾಕದೆ ಉಳಿಯಿತು, ಇಂದಿಗೂ ಆ ಶಾಸನಕ್ಕೆ ಸೇರಿಲ್ಲ.) 2010ರ ಜೂನ್‌ನಲ್ಲಿ ಉಗಾಂಡದ ಕಂಪಾಲದಲ್ಲಿ ಅರ್ಥ ಕೂಡಿಬಂದಿತು. 1974ರ ಪಟ್ಟಿಯನ್ನೇ ಉಳಿಸಿಕೊಂಡು ಅದಕ್ಕೆ ಎರಡು ಬೇಲಿಗಳನ್ನು ಹಾಕಿದರು. ರಾಜ್ಯದ ರಾಜಕೀಯ ಅಥವಾ ಸೈನಿಕ ಕಾರ್ಯವನ್ನು ನಿಯಂತ್ರಿಸಬಲ್ಲ ಸ್ಥಾನದಲ್ಲಿರುವವನು ಮಾತ್ರ ಅಪರಾಧಿ. ಅಪ್ಪಣೆಯಂತೆ ಗಡಿ ದಾಟಿದ ಸಿಪಾಯಿಯಲ್ಲ. ಇದು ನ್ಯಾಯವಾಗಿದೆ. ಕೃತ್ಯವು ತನ್ನ ಸ್ವರೂಪ, ಗುರುತ್ವ, ಪ್ರಮಾಣಗಳಿಂದ ವಿಶ್ವಸಂಸ್ಥೆಯ ಸನ್ನದಿನ ಸ್ಪಷ್ಟ ಉಲ್ಲಂಘನೆಯಾಗಿರಬೇಕೆಂಬುದು ಎರಡನೆಯ ಬೇಲಿ. ಗಡಿಯ ಸಣ್ಣ ಚಕಮಕಿಗಳನ್ನೂ ವಿವಾದಾಸ್ಪದ ಪ್ರಸಂಗಗಳನ್ನೂ ಹೊರಗಿಡುವ ಅತಿವ್ಯಾಪ್ತಿಯ ಭಯ ಅಲ್ಲಿದೆ. 'ಸ್ಪಷ್ಟ' ಎಂಬ ಮಾತಿನ ಮರೆಯಲ್ಲಿ ಎಷ್ಟು ಮಂದಿ ನಿಂತಾರೆಂಬ ಭಯ ನನಗಿದೆ.

ಲಕ್ಷಣವಾದರೂ ಇಷ್ಟರಮಟ್ಟಿಗೆ ನಿಂತಿತು. ಅವ್ಯಾಪ್ತಿ ಇರುವುದು ಅಧಿಕಾರವ್ಯಾಪ್ತಿಯಲ್ಲಿ. 2018ರ ಜುಲೈ 17ರಂದು ಈ ಅಪರಾಧದ ವಿಚಾರಣಾಧಿಕಾರ ಜಾರಿಗೆ ಬಂದಿತು. ಆದರೆ ಭದ್ರತಾ ಮಂಡಲಿಯೇ ಪ್ರಕರಣವನ್ನು ಒಪ್ಪಿಸಿದ ಹೊರತು, ಶಾಸನಕ್ಕೆ ಸೇರದ ರಾಷ್ಟ್ರದವರನ್ನು ಇದಕ್ಕಾಗಿ ವಿಚಾರಿಸುವಂತಿಲ್ಲ. ಮಂಡಲಿಯಲ್ಲಿ ಐದು ರಾಷ್ಟ್ರಗಳಿಗೆ ನಿಷೇಧಾಧಿಕಾರವಿದೆ. 2022ರ ಫೆಬ್ರವರಿ 24ರಂದು ಯುಕ್ರೇನಿನ ಮೇಲೆ ರಷ್ಯ ನುಗ್ಗಿದಾಗ ಇದರ ಫಲ ಕಂಡಿತು. 2023ರ ಮಾರ್ಚಿಯಲ್ಲಿ ಹೇಗಿನ ನ್ಯಾಯಾಲಯ ರಷ್ಯದ ಅಧ್ಯಕ್ಷ ಪುಟಿನ್ನರ ಮೇಲೆ ಬಂಧನದ ವಾರಂಟು ಹೊರಡಿಸಿದ್ದು ಮಕ್ಕಳನ್ನು ಸಾಗಿಸಿದ ಆರೋಪದ ಮೇಲೆ, ಆಕ್ರಮಣದ ಆರೋಪದ ಮೇಲಲ್ಲ. ಆ ಕೊರತೆಯನ್ನು ತುಂಬಲು 2025ರ ಜೂನ್ 25ರಂದು ಯುಕ್ರೇನೂ ಯುರೋಪಿನ ಕೌನ್ಸಿಲೂ ಒಂದು ವಿಶೇಷ ನ್ಯಾಯಮಂಡಲಿಯ ಒಪ್ಪಂದಕ್ಕೆ ಸಹಿ ಹಾಕಿದುವು. ಕಂಪಾಲದ ಲಕ್ಷಣವೇ ಅದಕ್ಕೂ ಆಧಾರ. ದೊಡ್ಡವರನ್ನೇ ಹಿಡಿಯಲು ಹೊರಟ ಆ ಮಂಡಲಿಯ ನಿಯಮಗಳಲ್ಲಿ, ರಾಷ್ಟ್ರದ ಅಧ್ಯಕ್ಷ, ಪ್ರಧಾನಿ, ವಿದೇಶಾಂಗ ಸಚಿವ ಈ ಮೂವರ ಮೇಲಿನ ವ್ಯವಹರಣೆ ಅವರು ಅಧಿಕಾರದಲ್ಲಿರುವವರೆಗೆ ತಡೆದು ನಿಲ್ಲತಕ್ಕದ್ದೆಂದು ಬರೆದಿದೆ.