ಆ ಪುಸ್ತಕದಾಗ ನಾನೂ ಅದೀನೇನ?

ಬೇವು-ಬೆಲ್ಲ ತಿಂದ ಮರುದಿನವೇ ನನಗೆ ಬರೀ ಬೇವು ಸಿಕ್ಕಿತು. 2024ರ ಏಪ್ರಿಲ್ 10, ಯುಗಾದಿಯ ಮಾರನೇ ದಿನ, ದ್ವಿತೀಯ ಪಿಯುಸಿ ಫಲಿತಾಂಶ ಬಂತು. ರಾಮದುರ್ಗ ತಾಲೂಕಿನ ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಹನುಮಪ್ಪನ ಗುಡಿಯ ಕಟ್ಟೆ ಮೇಲೆ. ಅಲ್ಲಿ ನಿಂತು ತಮ್ಮನ ಮೊಬೈಲಿನಲ್ಲಿ ನೋಡಿದೆ. ಕನ್ನಡ ಪಾಸು, ಇಂಗ್ಲಿಷ್ ಪಾಸು, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಲ್ಲವೂ ಪಾಸು. ರಾಜ್ಯಶಾಸ್ತ್ರ ಮಾತ್ರ ಫೇಲು.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು. ‘ಇಂಗ್ಲಿಷ್‌ನಾಗ ಪಾಸಾಗಿ ರಾಜ್ಯಶಾಸ್ತ್ರದಾಗ ಹೋಗ್ತಾರೇನವಾ ಯಾರರೆ?’ ಎಂದು ಬಾಯಿ ತುಂಬ ನಕ್ಕವರೇ ಹೆಚ್ಚು. ಅಪ್ಪ ನಗಲಿಲ್ಲ. ‘ಆತ ಬಿಡು, ಓದಿದ್ದು ಸಾಕು’ ಅಂದ. ಸವದತ್ತಿ ಕಡೆಯ ಒಂದು ಸಂಬಂಧದ ಮಾತು ದೀಪಾವಳಿಯಿಂದ ನಡೆದಿತ್ತು. ನನ್ನ ಫೇಲು ಅದಕ್ಕೆ ದಾರಿ ಮಾಡಿಕೊಟ್ಟಂತಾಯಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೇ ಹೇಳಿದಳು: ‘ಇನ್ನೊಂದ್ ಸಲ ಬರೀಲಿ ತಗೋರಿ. ಆಮ್ಯಾಲೆ ನೋಡೂಣು.’

ಅದೇ ವರ್ಷದಿಂದ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಪರೀಕ್ಷೆ-2 ಏಪ್ರಿಲ್ 29ರಿಂದ. ನನ್ನ ಕೈಯಲ್ಲಿದ್ದದ್ದು ಮೂರು ವಾರಕ್ಕಿಂತ ಕಡಿಮೆ. ಹಾಸ್ಟೆಲ್ ಮುಚ್ಚಿತ್ತು. ಬೈಲಹೊಂಗಲದ ಗೆಳತಿ ಫೋನ್ ಮಾಡಿ, ‘ನಮ್ಮನಿಗೆ ಬಾ, ಮಾಳಿಗಿ ಮ್ಯಾಲೆ ಕುಂತು ಓದೂಣು’ ಅಂದಳು. ಅವಳು ಪಾಸಾಗಿದ್ದರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವವಳಿದ್ದಳು. ಕಿತ್ತೂರಿನವಳದೂ ಅದೇ ಲೆಕ್ಕ. ಸವದತ್ತಿಯವಳು ನನ್ನ ಹಾಗೆಯೇ ಫೇಲು. ಹೀಗೆ ನಾಲ್ಕು ತಾಲೂಕಿನ ನಾಲ್ವರು ಒಂದೆಡೆ ಸೇರಿದೆವು. ಕಾಲೇಜಿನಲ್ಲಿ ನಾವು ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುತ್ತಿದ್ದೆವು. ‘ಏ ಕಿತ್ತೂರ, ನೀರ ತಾ’, ‘ಏ ರಾಮದುರ್ಗ, ಗೈಡ್ ಕೊಡ.’ ಬಸ್ಸಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದ್ದುದರಿಂದ ಮನೆಯಲ್ಲಿ ದುಡ್ಡು ಕೇಳುವ ಪ್ರಸಂಗ ಬರಲಿಲ್ಲ. ಇಲ್ಲದಿದ್ದರೆ ನಾನು ಹೊರಡುತ್ತಿದ್ದೆನೋ ಇಲ್ಲವೋ.

ನಾನು ಫೇಲಾದದ್ದು ಓದದೇ ಅಲ್ಲ. ಗೈಡಿನ ಉತ್ತರಗಳನ್ನು ಪೂರ್ಣವಿರಾಮ ಸಮೇತ ಬಾಯಿಪಾಠ ಮಾಡಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಯ ಮುಖ ಸ್ವಲ್ಪ ತಿರುಗಿತ್ತು, ಅಷ್ಟೇ. ಹತ್ತು ಅಂಕದ ಉತ್ತರಕ್ಕೆ ನಾಲ್ಕು ಪುಟ ತುಂಬಿಸಿದ್ದೆ. ಅದರಲ್ಲಿ ಕೇಳಿದ್ದು ಒಂದು, ಬರೆದದ್ದು ಇನ್ನೊಂದು.

ಮೊದಲ ದಿನ ಮಾಳಿಗೆಯ ಮೇಲೂ ಅದೇ ಬಾಯಿಪಾಠ ಶುರುವಾಯಿತು. ಎರಡನೇ ದಿನ ಒಂದು ಜಗಳ ನಮ್ಮನ್ನು ಉಳಿಸಿತು. ಲೋಕಸಭೆ ಚುನಾವಣೆಯ ಹೊತ್ತು. ಕೆಳಗೆ ಪ್ರಚಾರದ ಗಾಡಿ ಹೋಯಿತು. ಬೈಲಹೊಂಗಲದವಳು, ‘ನಾವ್ ನಾಲ್ಕೂ ಮಂದಿ ಒಂದ ಎಂಪಿಗೆ ಓಟ ಹಾಕೂದು ನೋಡು’ ಅಂದಳು. ಕಿತ್ತೂರಿನವಳು ಚುನಮರಿ ತಿನ್ನುವುದನ್ನು ನಿಲ್ಲಿಸಿದಳು. ‘ನಾವಲ್ಲವಾ. ನಾವು ಉತ್ತರ ಕನ್ನಡಕ್ಕ ಹಾಕ್ತೀವಿ.’ ನಾವು ನಕ್ಕೆವು. ಬೆಳಗಾವಿ ಜಿಲ್ಲೆಯಲ್ಲಿದ್ದುಕೊಂಡು ಕಡಲ ದಂಡೆಯ ಕ್ಷೇತ್ರಕ್ಕೆ ಓಟೇ? ಆದರೆ ಅವಳ ಮಾತು ಖರೆ. ಬೈಲಹೊಂಗಲ, ಸವದತ್ತಿ ಯಲ್ಲಮ್ಮ, ರಾಮದುರ್ಗ ವಿಧಾನಸಭಾ ಕ್ಷೇತ್ರಗಳು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ. ಕಿತ್ತೂರು ಮತ್ತು ಖಾನಾಪುರ ಮಾತ್ರ ಕಾರವಾರ, ಕುಮಟಾ, ಭಟ್ಕಳ, ಶಿರಸಿಗಳ ಜೊತೆ ಉತ್ತರ ಕನ್ನಡಕ್ಕೆ ಸೇರಿವೆ. ಜಿಲ್ಲೆ ಆಡಳಿತದ ಗೆರೆ, ಕ್ಷೇತ್ರ ಜನಸಂಖ್ಯೆ ನೋಡಿ ಎಳೆದ ಗೆರೆ. ಎರಡೂ ಒಂದೇ ಆಗಬೇಕೆಂದಿಲ್ಲ. ‘ಕ್ಷೇತ್ರ ಪುನರ್‌ವಿಂಗಡಣೆ’ ಎಂಬ ಶಬ್ದವನ್ನು ನಾನು ಹತ್ತು ಸಲ ಬರೆದು ಕಲಿತಿದ್ದೆ. ಅದರ ಅರ್ಥ ತಿಳಿದದ್ದು ಆ ಜಗಳದಲ್ಲಿ.

ಅಂದಿನಿಂದ ಒಂದು ಕರಾರು ಮಾಡಿಕೊಂಡೆವು. ಪ್ರತಿ ಪಾಠಕ್ಕೂ ನಾಲ್ಕು ಊರಿನಲ್ಲಿ ಒಂದು ಊರಿನ ಉದಾಹರಣೆ ಸಿಗಬೇಕು. ಸಿಗದಿದ್ದರೆ ಪಾಠ ತಿಳಿದಿಲ್ಲ ಎಂದೇ ಲೆಕ್ಕ.

ಸಂಸ್ಥಾನಗಳ ವಿಲೀನ ನನ್ನ ಪಾಲಿಗೆ ಬಂತು. ನಾವು ಓದುತ್ತಿದ್ದುದು ಹೈದರಾಬಾದ್, ಜುನಾಗಢ, ಕಾಶ್ಮೀರ. ಆದರೆ ನನ್ನ ರಾಮದುರ್ಗವೂ ಒಂದು ಸಂಸ್ಥಾನ! ಭಾವೆ ಮನೆತನದ ಆಳ್ವಿಕೆ ಅಲ್ಲಿತ್ತು. 1939ರ ಏಪ್ರಿಲ್‌ನಲ್ಲಿ ಪ್ರಜಾಸಂಘದ ಹೋರಾಟ ರಕ್ತ ಕಂಡಿತ್ತು. ಭಾರತಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್‌ನಲ್ಲಾದರೆ, ರಾಮದುರ್ಗ ವಿಲೀನವಾದದ್ದು 1948ರ ಮಾರ್ಚ್ 8ರಂದು. ನಂತರ ಅದು ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಗೆ ಸೇರಿತು. 1953ರಲ್ಲಿ ಫಜಲ್ ಅಲಿ ಆಯೋಗ, 1956ರಲ್ಲಿ ರಾಜ್ಯ ಪುನರ್‌ವಿಂಗಡಣಾ ಕಾಯ್ದೆ, ಅದೇ ನವೆಂಬರ್ 1ಕ್ಕೆ ಮೈಸೂರು ರಾಜ್ಯ, 1973ರ ನವೆಂಬರ್ 1ಕ್ಕೆ ಕರ್ನಾಟಕ. 1940ರಲ್ಲಿ ರಾಮದುರ್ಗದಲ್ಲಿ ಹುಟ್ಟಿದ ಅಜ್ಜಿಯೊಬ್ಬಳು ಮನೆಯ ಹೊಸ್ತಿಲು ದಾಟದೇ ಸಂಸ್ಥಾನ, ಮುಂಬೈ, ಮೈಸೂರು, ಕರ್ನಾಟಕ ನಾಲ್ಕನ್ನೂ ನೋಡಿರುತ್ತಾಳೆ. ಇಸವಿಗಳು ಆ ಅಜ್ಜಿಯ ವಯಸ್ಸಿನ ಜೊತೆ ತಲೆಯಲ್ಲಿ ಕುಳಿತವು. ಮತ್ತೆ ಏಳಲಿಲ್ಲ.

ರೈತ ಚಳವಳಿಯ ಪಾಠ ಬಂದಾಗ ಸವದತ್ತಿಯವಳು ಎದೆ ಸೆಟೆಸಿದಳು. ಅವಳ ತಾಲೂಕಿನ ನವಿಲುತೀರ್ಥದ ಅಣೆಕಟ್ಟೆಯಿಂದಲೇ ಮಲಪ್ರಭೆಯ ನೀರು ಕಾಲುವೆಗಳಲ್ಲಿ ನರಗುಂದ, ನವಲಗುಂದದ ಕಡೆ ಹೋಗುವುದು. ಆ ನೀರಿನ ಕರ, ಅಭಿವೃದ್ಧಿ ಕರಗಳ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗೋಲಿಬಾರ್ ಆಯಿತು. ಆ ಕಿಚ್ಚಿನಿಂದಲೇ ರಾಜ್ಯದಲ್ಲಿ ರೈತ ಸಂಘಟನೆ ಬಲಗೊಂಡಿತು. ಮಹಿಳಾ ಚಳವಳಿಯ ಪಾಠಕ್ಕೆ ಅವಳು ಮೆತ್ತಗೆ ಇನ್ನೊಂದು ಮಾತು ಸೇರಿಸಿದಳು. ಮುತ್ತು ಕಟ್ಟುವುದನ್ನು ನಿಷೇಧಿಸಿದ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಬಗ್ಗೆ. ‘ಇದನ್ನ ನಾ ಓದಬೇಕಾಗಿಲ್ಲವಾ, ಗುಡ್ಡದ ಹಾದಿಯಾಗ ನೋಡಕೋತ ಬೆಳದೀನಿ’ ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಜಿಲ್ಲಾಡಳಿತ ಬೈಲಹೊಂಗಲದವಳದು. ಅವಳ ಊರಿನಲ್ಲಿ ಉಪವಿಭಾಗಾಧಿಕಾರಿ ಕಚೇರಿಯೂ ಇದೆ, ತಹಶೀಲ್ದಾರ್ ಕಚೇರಿಯೂ ಇದೆ. ಒಂದು ಮುಂಜಾನೆ ನಡೆದು ಹೋಗಿ ಬೋರ್ಡುಗಳನ್ನು ಓದಿಕೊಂಡು ಬಂದೆವು. ನಮ್ಮ ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಯಾರ ಸಹಿ ಇದೆ, ಅದು ಹಳ್ಳಿಯಿಂದ ಯಾರ ಕೈ ದಾಟಿ ಬಂತು ಎಂದು ಕೇಳುತ್ತ ಹೋದರೆ ಐದು ಅಂಕದ ಉತ್ತರ ತಾನೇ ತಯಾರು. ಸಂಜೆ ಚನ್ನಮ್ಮನ ಸಮಾಧಿಯ ಕಡೆ ತಿರುಗಾಡಲು ಹೋಗುತ್ತಿದ್ದೆವು. ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ, ಕಿತ್ತೂರಿನ ವಾರಸುದಾರ ಯಾರೆಂದು ಹೇಳಲು ನೀನ್ಯಾರು ಎಂದು ರಾಣಿ ಕೇಳಿದಳು, 1824ರಲ್ಲಿ ಯುದ್ಧವಾಯಿತು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ‘ಸಾರ್ವಭೌಮತ್ವ ಅಂದ್ರ ಇದ ನೋಡು’ ಅಂದಳು ಕಿತ್ತೂರಿನವಳು. ಪ್ರಥಮ ಪಿಯುಸಿಯಲ್ಲಿ ಆ ಶಬ್ದದ ವ್ಯಾಖ್ಯೆಯನ್ನು ಉರು ಹೊಡೆದು ಮರೆತಿದ್ದೆ.

ನಡುವೆ ಎರಡು ದಿನ ಊರಿಗೆ ಬಂದೆ. ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮವ್ವ ಗ್ರಾಮ ಪಂಚಾಯಿತಿ ಸದಸ್ಯೆ. 2020ರ ಡಿಸೆಂಬರ್‌ನ ಚುನಾವಣೆಯಲ್ಲಿ ಮಹಿಳಾ ಮೀಸಲು ಸ್ಥಾನಕ್ಕೆ ನಿಂತು ಗೆದ್ದವಳು. ನಿಲ್ಲಿಸಿದ್ದು ಅಪ್ಪ. ಊರಲ್ಲಿ ‘ಮೆಂಬರ್ರ’ ಎಂದು ಕೂಗಿದರೆ ತಿರುಗಿ ನೋಡುವುದೂ ಅಪ್ಪನೇ. ಸಭೆಗೆ ಹೋಗುವವನು ಅವನು. ಕಾಗದ ಮನೆಗೆ ಬರುತ್ತದೆ, ಅವ್ವ ಹಿಟ್ಟಿನ ಕೈ ಒರೆಸಿಕೊಂಡು ತೋರಿಸಿದಲ್ಲಿ ಸಹಿ ಮಾಡುತ್ತಾಳೆ. ಇದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಹಾಗೆಯೇ.

ಆ ರಾತ್ರಿ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಸಂವಿಧಾನದ 73ನೇ ತಿದ್ದುಪಡಿ, 1993ರ ಏಪ್ರಿಲ್ 24ರಿಂದ ಜಾರಿ, ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮೀಸಲು, ಕರ್ನಾಟಕದಲ್ಲಿ ಶೇ 50. ಶೇಂಗಾ ಸುಲಿಯುತ್ತಿದ್ದ ಅವ್ವ ಕೇಳಿದಳು:

‘ಆ ಪುಸ್ತಕದಾಗ ನಾನೂ ಅದೀನೇನ?’

‘ಹೂಂ ಬೇ. ಇದು ನಿಂದ.’

‘ಏನಂತ ಬರದಾರ?’

ನಾನು ಬಾಯಿಪಾಠ ಒಪ್ಪಿಸಲು ಹೋಗಿ ತಡವರಿಸಿದೆ. ಮೀಸಲಾತಿ ಯಾಕೆ ಕೊಟ್ಟರು ಎನ್ನುವುದಕ್ಕೆ ಗೈಡಿನಲ್ಲಿ ಆರು ಅಂಶಗಳಿದ್ದವು. ಮೊದಲನೆಯದೇ ‘ನಿರ್ಧಾರ ಕೈಗೊಳ್ಳುವಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆ.’ ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ: ‘ಸಭಾದಾಗ ಕುಂತು, ಇದು ಬೇಕು ಇದು ಬ್ಯಾಡ ಅಂತ ಹೆಣ್ಮಕ್ಕಳ ಹೇಳಬೇಕಂತ.’ ಅವ್ವ ಸುಮ್ಮನೆ ಶೇಂಗಾ ಸುಲಿದಳು. ಆಮೇಲೆ ಎದ್ದು ಹೋಗಿ ಟ್ರಂಕಿನಿಂದ ಒಂದು ಕಾಗದ ತಂದು ನನ್ನ ಮುಂದೆ ಇಟ್ಟಳು. ‘ಹಂಗಾರ ಇದನ್ನ ಓದಿ ಹೇಳು. ನಾ ಎದಕ್ಕ ಸಹಿ ಮಾಡೀನಿ?’

ಅದು ಹಿಂದಿನ ಸಭೆಯ ನಡಾವಳಿಯ ಪ್ರತಿ. ನಾಲ್ಕನೇ ಇಯತ್ತೆ ಓದಿದ ಅವ್ವ ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲಳು. ನಾನು ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಅವಳ ವಾರ್ಡಿನ ಚರಂಡಿ ಕೆಲಸಕ್ಕೆ ಒಪ್ಪಿಗೆ ಕೊಟ್ಟವರ ಹೆಸರಿನಲ್ಲಿ ಅವಳ ಹೆಸರಿತ್ತು. ಕೆಲಸ ಎಲ್ಲಿ ಶುರು, ಎಲ್ಲಿ ಕೊನೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಹೊರಗೆ ಕಟ್ಟೆಯ ಮೇಲೆ ಮಲಗಿದ್ದ. ನಮ್ಮ ಮಾತು ಅವನಿಗೂ ಕೇಳಿಸಿರಬೇಕು. ಏನೂ ಅನ್ನಲಿಲ್ಲ.

ಪರೀಕ್ಷೆ ಬರೆದೆ. 80 ಅಂಕದ ಪತ್ರಿಕೆ. ಈ ಸಲ ಪ್ರಶ್ನೆಯನ್ನು ಎರಡು ಸಲ ಓದಿ, ಏನು ಕೇಳಿದ್ದಾರೆ ಎಂದು ತಿಳಿದ ಮೇಲೆಯೇ ಪೆನ್ನು ಎತ್ತಿದೆ. ಪುಟ ತುಂಬಿಸುವ ಗೊಡವೆಗೆ ಹೋಗಲಿಲ್ಲ. ಪ್ರತಿ ದೊಡ್ಡ ಉತ್ತರದಲ್ಲೂ ಒಂದು ಉದಾಹರಣೆ ಇತ್ತು, ಅದು ನಮ್ಮ ನಾಲ್ಕು ಊರುಗಳದೇ. ಆ ಪರೀಕ್ಷೆಯ ದಿನಗಳಲ್ಲೇ, ಮೇ 7ರಂದು, ನಮ್ಮ ಕಡೆ ಮತದಾನ. ನನಗೆ ಹದಿನೆಂಟು ತುಂಬಿತ್ತು. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೇ ತಿದ್ದುಪಡಿಯ ಫಲವನ್ನು ಎಡಗೈಯ ತೋರುಬೆರಳಿನ ಮೇಲೆ ಹಚ್ಚಿಸಿಕೊಂಡೆ. ಸಾಲಿನಲ್ಲಿ ನನ್ನ ಮುಂದೆ ಅವ್ವ ನಿಂತಿದ್ದಳು.

ಮೇ ತಿಂಗಳಲ್ಲೇ ಫಲಿತಾಂಶ ಬಂತು. ನಾನೂ ಸವದತ್ತಿಯವಳೂ ಪಾಸು. ಉಳಿದಿಬ್ಬರ ಅಂಕ ಹೆಚ್ಚಾದವು. ಸವದತ್ತಿಯ ಸಂಬಂಧದ ಮಾತನ್ನು ಅಪ್ಪ ಮುಂದೂಡಿದ. ಬಿಟ್ಟಿಲ್ಲ, ಮುಂದೂಡಿದ್ದಾನೆ. ನಾನು ಬಿಎಗೆ ಸೇರಿದೆ. ರಾಜ್ಯಶಾಸ್ತ್ರವನ್ನೇ ತೆಗೆದುಕೊಂಡೆ.

ಫೇಲಾಗಿ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ನಿಂತಿರುವ ತಂಗಿ-ತಮ್ಮಂದಿರಿಗೆ ನಾನು ಹೇಳಬಲ್ಲದ್ದು ಇಷ್ಟೇ. ಗೈಡನ್ನು ಬಿಸಾಕಬೇಡಿ, ಅದರಲ್ಲಿ ಇಸವಿಗಳಿವೆ. ಆದರೆ ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿ, ‘ಇದು ನಮ್ಮೂರಲ್ಲಿ ಎಲ್ಲಿದೆ?’ ಎಂದು ಕೇಳಿಕೊಳ್ಳಿ. ಒಬ್ಬರೇ ಓದಬೇಡಿ. ಜಗಳವಾಡಲು ಒಬ್ಬರಾದರೂ ಬೇಕು. ಕಲಿತದ್ದನ್ನು ಮನೆಯಲ್ಲಿ ಯಾರಿಗಾದರೂ ನಿಮ್ಮ ಮಾತಿನಲ್ಲಿ ಹೇಳಿ ನೋಡಿ. ಹೇಳುವಾಗ ತಡವರಿಸಿದರೆ, ಪರೀಕ್ಷೆಯಲ್ಲಿ ತಡವರಿಸುವುದೂ ಅಲ್ಲಿಯೇ.

ಚುನಾವಣೆ ಎಲ್ಲ ಮುಗಿದ ಮೇಲೆ ಪಂಚಾಯಿತಿ ಸಭೆಯ ನೋಟಿಸ್ ಬಂತು. ಅವ್ವ ಇಳಕಲ್ ಸೀರೆ ಉಟ್ಟು ತಯಾರಾದಳು. ಅಪ್ಪ ಬೈಕ್ ಹೊರಗೆ ತೆಗೆದ. ಅವಳನ್ನು ಬಾಗಿಲವರೆಗೆ ಬಿಟ್ಟು, ತಾನು ಎದುರಿನ ಚಹಾದಂಗಡಿಯಲ್ಲಿ ಕೂತ. ಸದಸ್ಯೆಯ ಗಂಡನಿಗೆ ಒಳಗೆ ಕುರ್ಚಿ ಇದೆ ಎಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ ಎನ್ನುವುದನ್ನು ನಾನು ಹೇಳಿದ್ದೆನೋ, ಅವನೇ ತಿಳಿದುಕೊಂಡನೋ ಗೊತ್ತಿಲ್ಲ. ಅವ್ವ ಅಂದು ಕೇಳಿದ್ದು ಒಂದೇ: ಹೆಣ್ಣುಮಕ್ಕಳ ಶಾಲೆಯ ಪಾಯಖಾನೆಗೆ ನೀರು ಯಾವಾಗ? ‘ಆತು, ನೋಡೂಣು’ ಎಂದರಂತೆ. ಇವಳು ಬಿಡದೇ, ‘ನೋಡೂಣು ಅನ್ನೂದನ್ನೂ ಬರ್ಕೋರಿ’ ಅಂದಳಂತೆ.

ನೀರು ಬರಲು ಇನ್ನೂ ಆರು ತಿಂಗಳು ಹಿಡಿಯಿತು. ಆದರೆ ಅಂದಿನಿಂದ ಸಹಿಗೆ ಕಾಗದ ಹಿಡಿದು ಮನೆಗೆ ಬಂದವರು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂರಬೇಕು. ಅವ್ವ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿರುತ್ತಾಳೆ.